ಲಿಯಾ ಸಲೊಂಗಾ: ಮನಿಲಾದ ಬಾಲನಟಿ, ಬ್ರಾಡ್‌ವೇಯ ನಾಯಕಿ

ಫಿಲಿಪ್ಪೀನ್ಸ್ ದೇಶದ ಗಾಯಕಿ ಹಾಗೂ ರಂಗನಟಿ ಲಿಯಾ ಸಲೊಂಗಾ ಅವರ ಹೆಸರು ನಮ್ಮ ಕರಾವಳಿಯ ಅನೇಕ ಓದುಗರಿಗೆ ಹೊಸದಾಗಿರಬಹುದು. ಆದರೆ ಮಕ್ಕಳಿರುವ ಮನೆಗಳಲ್ಲಿ ಅವರ ಸ್ವರ ಒಮ್ಮೆಯಾದರೂ ಕೇಳಿರುತ್ತದೆ. ಡಿಸ್ನಿ ಸಂಸ್ಥೆಯ ‘ಅಲ್ಲಾದೀನ್’ (1992) ಚಿತ್ರದಲ್ಲಿ ರಾಜಕುಮಾರಿ ಜಾಸ್ಮಿನ್, ‘ಮುಲಾನ್’ (1998) ಚಿತ್ರದಲ್ಲಿ ನಾಯಕಿ ಮುಲಾನ್ ಹಾಡುವಾಗ ಕೇಳಿಬರುವುದು ಇವರದೇ ಕಂಠ. ಆದರೆ ಇವರು ಮೂಲತಃ ರಂಗಭೂಮಿಯವರು. ‘ಮಿಸ್ ಸೈಗಾನ್’ ಎಂಬ ಸಂಗೀತ ನಾಟಕದ ಅಭಿನಯಕ್ಕಾಗಿ 1990ರಲ್ಲಿ ಲಂಡನಿನ ಒಲಿವಿಯೆ ಪ್ರಶಸ್ತಿಯನ್ನೂ 1991ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿಯನ್ನೂ ಪಡೆದಾಗ ಅವರಿಗೆ ಇಪ್ಪತ್ತರ ವಯಸ್ಸು. ಅಭಿನಯಕ್ಕಾಗಿ ಟೋನಿ ಪ್ರಶಸ್ತಿ ಗೆದ್ದ ಮೊದಲ ಏಷ್ಯನ್ ಮಹಿಳೆ ಅವರು.

ಅವರು ಅಮೆರಿಕದ ರಂಗಕ್ಕೆ ಕಾಲಿಟ್ಟ ದಿನಗಳಲ್ಲಿ ಏಷ್ಯಾದ ಪಾತ್ರವನ್ನು ಏಷ್ಯಾದವರೇ ಮಾಡಬೇಕೇ, ಮಾಡುವುದಾದರೆ ಯಾವ ದೇಶದವರು ಮಾಡಬೇಕು ಎಂಬುದೇ ದೊಡ್ಡ ಜಗಳವಾಗಿತ್ತು. ಆ ಜಗಳದ ನಡುವೆ ಸಿಲುಕಿದ ಈ ಹುಡುಗಿ ಮುಂದೆ ಫ್ರೆಂಚ್ ಪಾತ್ರಗಳನ್ನೂ ನಿರ್ವಹಿಸಿ, ಕೊನೆಗೆ ತನ್ನದೇ ನಾಡಿನ ಕತೆಯನ್ನು ಅದೇ ನ್ಯೂಯಾರ್ಕಿನ ರಂಗಮಂದಿರಕ್ಕೆ ತಂದದ್ದು ಹೇಗೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮ್ಯೂಸಿಕಲ್ ಎಂದರೇನು?

ಮೊದಲಿಗೆ ಈ ರಂಗಪ್ರಕಾರದ ಬಗ್ಗೆ ಒಂದೆರಡು ಮಾತು. ನಮ್ಮ ಯಕ್ಷಗಾನದಲ್ಲಿ ಭಾಗವತರು ಪದ ಹೇಳುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಗೋವಾದ ಕೊಂಕಣಿ ತಿಯಾತ್ರ್‌ನಲ್ಲಿ ದೃಶ್ಯಗಳ ನಡುವೆ ಬರುವ ಹಾಡುಗಳು ಹೆಚ್ಚಾಗಿ ಕತೆಗೆ ಹೊರಗಿನವು. ರಾಜಕೀಯ, ಊರಿನ ಸುದ್ದಿ, ಹಾಸ್ಯ ಎಲ್ಲವೂ ಅಲ್ಲಿ ಸಲ್ಲುತ್ತದೆ. ಲಂಡನಿನ ವೆಸ್ಟ್ ಎಂಡ್ ಮತ್ತು ನ್ಯೂಯಾರ್ಕಿನ ಬ್ರಾಡ್‌ವೇಗಳಲ್ಲಿ ಬೆಳೆದ ಮ್ಯೂಸಿಕಲ್ ಇವೆರಡಕ್ಕಿಂತಲೂ ಬೇರೆ. ಇಲ್ಲಿ ನಟಿಸುವವರೇ ಹಾಡಬೇಕು. ಹಾಡಿನಲ್ಲಿಯೇ ಕತೆ ಮುಂದಕ್ಕೆ ಹೋಗುತ್ತದೆ. ‘ಮಿಸ್ ಸೈಗಾನ್’ನಂಥ ನಾಟಕದಲ್ಲಂತೂ ಮಾತು ತೀರಾ ಕಡಿಮೆ, ಮೊದಲಿಂದ ಕೊನೆಯವರೆಗೂ ಹಾಡು. ನಮ್ಮ ಸಿನಿಮಾಗಳಲ್ಲಿರುವಂತೆ ಹಿನ್ನೆಲೆ ಗಾಯಕರ ಆಸರೆ ಇಲ್ಲ. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನಗಳು ನಡೆಯುತ್ತವೆ. ಎರಡು ದಿನ ಮಧ್ಯಾಹ್ನ ಒಂದು, ರಾತ್ರಿ ಒಂದು. ನೆಗಡಿಯಾದರೂ ಮನಸ್ಸಿಗೆ ಬೇಸರವಾದರೂ ಅದೇ ಹಾಡನ್ನು ಅದೇ ಶ್ರುತಿಯಲ್ಲಿ, ಅದೇ ಕಣ್ಣೀರಿನೊಂದಿಗೆ ಹಾಡಬೇಕು. ಇದು ಬಹಳ ಕಠಿಣವಾದ ದುಡಿಮೆ.

ಬಾಲ್ಯ ಮತ್ತು ಮನಿಲಾ ರಂಗಭೂಮಿ

ಮರಿಯಾ ಲಿಗಾಯಾ ಕಾರ್ಮೆನ್ ಇಮುಟಾನ್ ಸಲೊಂಗಾ ಅವರು 1971ರ ಫೆಬ್ರವರಿ 22ರಂದು ಮನಿಲಾದಲ್ಲಿ ಜನಿಸಿದರು. ತಂದೆ ಫೆಲಿಸಿಯಾನೊ ಸಲೊಂಗಾ ನೌಕಾಪಡೆಯ ಅಧಿಕಾರಿಯಾಗಿದ್ದವರು, ಹಡಗು ವ್ಯವಹಾರದಲ್ಲಿಯೂ ಇದ್ದರು. ತಾಯಿಯ ಹೆಸರು ಲಿಗಾಯಾ. ಟಗಾಲೊಗ್ ಭಾಷೆಯಲ್ಲಿ ಈ ಪದಕ್ಕೆ ಆನಂದ ಎಂದರ್ಥ. ತಾಯಿಯ ಹೆಸರೇ ಮಗಳ ಹೆಸರಿನಲ್ಲೂ ಸೇರಿಕೊಂಡಿದೆ. ಬಾಲ್ಯದ ಮೊದಲ ಆರು ವರ್ಷಗಳು ಆಂಜೆಲಿಸ್ ನಗರದಲ್ಲಿ ಕಳೆದವು. ಬಳಿಕ ಕುಟುಂಬ ಮನಿಲಾಕ್ಕೆ ಬಂದಿತು. ತಮ್ಮ ಜೆರಾರ್ಡ್ ಸಲೊಂಗಾ ಮುಂದೆ ವಾದ್ಯವೃಂದದ ನಿರ್ದೇಶಕರಾಗಿ ಹೆಸರು ಮಾಡಿದವರು. ಅಕ್ಕನ ಅನೇಕ ಸಂಗೀತ ಕಾರ್ಯಕ್ರಮಗಳಿಗೆ ವಾದ್ಯವೃಂದ ನಡೆಸಿದವರೂ ಅವರೇ.

ಇಂಥ ಪ್ರತಿಭೆ ಮನಿಲಾದಲ್ಲಿ ಹುಟ್ಟಿದ್ದು ಆಕಸ್ಮಿಕ ಎನ್ನುವಂತಿಲ್ಲ. ಫಿಲಿಪ್ಪೀನ್ಸನ್ನು ಸ್ಪೇನ್ ದೇಶದವರು ಮೂರು ಶತಮಾನಗಳಿಗೂ ಹೆಚ್ಚು ಕಾಲ ಆಳಿದರು. ಕಥೋಲಿಕ ಧರ್ಮದ ಜೊತೆಗೆ ಸ್ಪೇನಿನ ‘ಸಾರ್ಸುವೆಲಾ’ ಎಂಬ ಹಾಡು-ಮಾತಿನ ನಾಟಕವೂ ಆ ಕಾಲದಲ್ಲಿ ಅಲ್ಲಿಗೆ ಬಂತು, ಬಳಿಕ ಟಗಾಲೊಗ್ ಭಾಷೆಯಲ್ಲಿ ಬೇರೂರಿತು. 1898ರ ನಂತರ ಅಮೆರಿಕದ ಆಡಳಿತ ಬಂದಾಗ ಇಂಗ್ಲಿಷ್ ಭಾಷೆಯೂ ಅಮೆರಿಕದ ಹಾಡುಗಳೂ ಶಾಲೆ, ರೇಡಿಯೊ, ರಂಗಮಂದಿರಗಳ ಮೂಲಕ ಮನೆಮನೆ ಸೇರಿದವು. ಚರ್ಚಿನ ಗಾಯನವೃಂದ, ಹಬ್ಬದ ಬ್ಯಾಂಡು, ಮನೆಯ ಸಮಾರಂಭದಲ್ಲಿ ಹಾಡುವ ರೂಢಿ ಇವೆಲ್ಲ ಕರಾವಳಿಯ ನಮಗೆ ಅಪರಿಚಿತವೇನಲ್ಲ.

1967ರಲ್ಲಿ ಜೆನೈಡಾ ಅಮಡೊರ್ ಮತ್ತು ಬೇಬಿ ಬರೇಡೊ ಎಂಬ ಇಬ್ಬರು ಮಹಿಳೆಯರು ಮನಿಲಾದಲ್ಲಿ ‘ರೆಪರ್ಟರಿ ಫಿಲಿಪ್ಪೀನ್ಸ್’ ಎಂಬ ನಾಟಕ ತಂಡವನ್ನು ಆರಂಭಿಸಿದ್ದರು. ಇಂಗ್ಲಿಷ್ ನಾಟಕಗಳನ್ನು ಕಟ್ಟುನಿಟ್ಟಾದ ಶಿಸ್ತಿನಿಂದ ಪ್ರದರ್ಶಿಸುವ ತಂಡವದು. 1978ರಲ್ಲಿ ಏಳು ವರ್ಷದ ಲಿಯಾ ಈ ತಂಡದ ‘ದ ಕಿಂಗ್ ಆಂಡ್ ಐ’ ನಾಟಕದಲ್ಲಿ ರಾಜನ ಮಕ್ಕಳಲ್ಲೊಬ್ಬಳಾಗಿ ರಂಗವೇರಿದರು. 1980ರಲ್ಲಿ ‘ಆನಿ’ ನಾಟಕದ ಅನಾಥ ಬಾಲಕಿ ಆನಿಯ ಮುಖ್ಯ ಪಾತ್ರ ದೊರೆಯಿತು. 1981ರಲ್ಲಿ, ಹತ್ತರ ವಯಸ್ಸಿಗೆ, ‘ಸ್ಮಾಲ್ ವಾಯ್ಸ್’ ಎಂಬ ಮೊದಲ ಧ್ವನಿಮುದ್ರಿಕೆ ಹೊರಬಂತು. 1983ರಿಂದ 1985ರವರೆಗೆ ‘ಲವ್, ಲಿಯಾ’ ಎಂಬ ತಮ್ಮದೇ ಹೆಸರಿನ ಟಿ.ವಿ. ಕಾರ್ಯಕ್ರಮವನ್ನೂ ನಡೆಸಿಕೊಟ್ಟರು.

ಇಷ್ಟೆಲ್ಲ ಇದ್ದರೂ ಓದಿಗೆ ಕೊರತೆ ಬರಲಿಲ್ಲ. ಪ್ರೌಢಶಾಲೆಯಲ್ಲಿ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಬಳಿಕ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯಂತೆಯೇ ಯೇಸುಸಭೆಯವರು ನಡೆಸುವ ಅಟೆನಿಯೊ ಡಿ ಮನಿಲಾ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರಕ್ಕೆ ಸೇರಿದರು. ಡಾಕ್ಟರಾಗುವುದು ಗುರಿಯಾಗಿತ್ತು. ಹಾಡು, ನಾಟಕ ಇವೆಲ್ಲ ಜೊತೆಗಿರುವ ಹವ್ಯಾಸ ಎಂಬಂತಿತ್ತು.

1988ರ ಆಯ್ಕೆ ಪರೀಕ್ಷೆ

ಆ ಹೊತ್ತಿಗೆ ಲಂಡನಿನ ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ಒಂದು ಕಷ್ಟದಲ್ಲಿದ್ದರು. ‘ಲೆ ಮಿಸೆರಾಬ್ಲ್’ ಎಂಬ ಜಗತ್ಪ್ರಸಿದ್ಧ ಮ್ಯೂಸಿಕಲ್ ಬರೆದ ಫ್ರಾನ್ಸಿನ ಸಂಗೀತಗಾರ ಕ್ಲಾಡ್-ಮಿಶೆಲ್ ಶೋನ್‌ಬರ್ಗ್ ಮತ್ತು ಸಾಹಿತಿ ಅಲೆಂ ಬೂಬ್ಲಿಲ್ ಹೊಸ ನಾಟಕವೊಂದನ್ನು ಸಿದ್ಧಪಡಿಸಿದ್ದರು. ಪತ್ರಿಕೆಯೊಂದರಲ್ಲಿ ಕಂಡ ಛಾಯಾಚಿತ್ರವೊಂದು ಶೋನ್‌ಬರ್ಗ್ ಅವರನ್ನು ಕಾಡಿತ್ತು: ವಿಯೆಟ್ನಾಮಿನ ವಿಮಾನ ನಿಲ್ದಾಣದಲ್ಲಿ ತಾಯಿಯೊಬ್ಬಳು ತನ್ನ ಮಗಳನ್ನು ಅಮೆರಿಕದಲ್ಲಿರುವ ಮಾಜಿ ಸೈನಿಕ ತಂದೆಯ ಬಳಿಗೆ ಕಳುಹಿಸಿಕೊಡುತ್ತಿದ್ದಾಳೆ. ಮಗುವಿನ ಒಳಿತಿಗಾಗಿ ಮಗುವನ್ನೇ ಬಿಟ್ಟುಕೊಡುವ ಆ ಮುಖದಿಂದ ನಾಟಕ ಹುಟ್ಟಿತು. ಕತೆಯ ಚೌಕಟ್ಟು ಪುಚ್ಚೀನಿಯ ಒಪೆರಾ ‘ಮದಾಮಾ ಬಟರ್‌ಫ್ಲೈ’ (1904) ನದು. ಜಪಾನಿನ ಬದಲು 1975ರ ಸೈಗಾನ್ ನಗರ.

ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡ ಹದಿನೇಳರ ಹಳ್ಳಿ ಹುಡುಗಿ ಕಿಮ್ ಸೈಗಾನಿನ ಬಾರೊಂದಕ್ಕೆ ಸೇರುತ್ತಾಳೆ. ಅಲ್ಲಿ ಕ್ರಿಸ್ ಎಂಬ ಅಮೆರಿಕನ್ ಸೈನಿಕನ ಪರಿಚಯ, ಪ್ರೀತಿ. ನಗರ ಪತನವಾದಾಗ ಆತ ಹೆಲಿಕಾಪ್ಟರ್ ಏರಿ ಹೊರಟುಹೋಗುತ್ತಾನೆ, ಅವಳು ಗೇಟಿನ ಆಚೆ ಉಳಿಯುತ್ತಾಳೆ. ಮೂರು ವರ್ಷಗಳ ನಂತರ, ಮಗನೊಂದಿಗೆ ಬ್ಯಾಂಕಾಕಿನಲ್ಲಿ ಕಾದಿರುವ ಅವಳ ಮುಂದೆ ಆತ ಅಮೆರಿಕದ ಹೆಂಡತಿಯೊಂದಿಗೆ ಬರುತ್ತಾನೆ. ಮಗನನ್ನು ಅವರು ಕರೆದೊಯ್ಯಲೇಬೇಕೆಂದು ಕಿಮ್ ತನ್ನ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ.

ಈ ಪಾತ್ರಕ್ಕೆ ಹದಿಹರೆಯದ ಮುಖವೂ ಬೇಕು, ಎರಡೂವರೆ ಗಂಟೆ ಹಾಡಬಲ್ಲ ಕಂಠವೂ ಬೇಕು. ಲಂಡನಿನಲ್ಲಿಯೂ ಅಮೆರಿಕದಲ್ಲಿಯೂ ಹುಡುಕಿ ಸಾಲದೆ, 1988ರ ಕೊನೆಯಲ್ಲಿ ತಂಡವು ಮನಿಲಾಕ್ಕೆ ಬಂತು. ಹದಿನೇಳರ ಲಿಯಾ ಅಲ್ಲಿ ಹಾಡಿದ್ದು ಇದೇ ಜೋಡಿ ಬರೆದ ‘ಲೆ ಮಿಸೆರಾಬ್ಲ್’ನ ‘ಆನ್ ಮೈ ಓನ್’ ಎಂಬ ಹಾಡು. ಬಳಿಕ ಹೊಸ ನಾಟಕದ ‘ಸನ್ ಆಂಡ್ ಮೂನ್’ ಎಂಬ ಯುಗಳಗೀತೆಯನ್ನು ಹಾಡಲು ಹೇಳಿದರು. ಆಯ್ಕೆಯ ಈ ದೃಶ್ಯಗಳು ಚಿತ್ರೀಕರಣಗೊಂಡಿದ್ದು, ಇಂದಿಗೂ ಯೂಟ್ಯೂಬಿನಲ್ಲಿ ಲಭ್ಯ ಇವೆ. ಸಡಿಲವಾದ ಸಾದಾ ಉಡುಪಿನ ಹುಡುಗಿ; ಕೈಯಾಡಿಸುವುದಿಲ್ಲ, ಕಣ್ಣು ಮುಚ್ಚಿ ಭಾವ ತೋರಿಸುವುದಿಲ್ಲ. ಪ್ರತಿ ಅಕ್ಷರ ಸ್ಪಷ್ಟ, ಪ್ರತಿ ಸ್ವರ ನೇರವಾಗಿ ಶ್ರುತಿಯ ಮೇಲೆ. ಹಾಡು ಕಲಿಯುವ ಮಕ್ಕಳಿಗೆ ಆ ದೃಶ್ಯವನ್ನೊಮ್ಮೆ ತೋರಿಸಬೇಕು.

ಇವರೊಂದಿಗೆ ಬಾಲ್ಯದಿಂದ ಅದೇ ನಾಟಕ ತಂಡದಲ್ಲಿ ಬೆಳೆದ ಗೆಳತಿ ಮೋನಿಕ್ ವಿಲ್ಸನ್ ಕೂಡಾ ಕಿಮ್ ಪಾತ್ರಕ್ಕೆ ಪರೀಕ್ಷೆಗಿಳಿದಿದ್ದರು. ಮುಖ್ಯ ಪಾತ್ರ ಲಿಯಾ ಅವರಿಗೆ, ಕೆಲವು ಪ್ರದರ್ಶನಗಳಲ್ಲಿ ಅದೇ ಪಾತ್ರ ಮೋನಿಕ್ ಅವರಿಗೆ ಎಂದು ತೀರ್ಮಾನವಾಯಿತು. ಇನ್ನೂ ಹಲವು ಫಿಲಿಪ್ಪೀನ್ಸ್ ಕಲಾವಿದರು ತಂಡ ಸೇರಿದರು. ಲಿಯಾ ಓದನ್ನು ನಿಲ್ಲಿಸಿ ಲಂಡನಿಗೆ ಹೊರಟರು. ಮಕ್ಕಳನ್ನು ಕೆಲಸಕ್ಕಾಗಿ ಹೊರದೇಶಕ್ಕೆ ಕಳುಹಿಸುವ ಮನೆಗಳು ಅಲ್ಲಿಯೂ ಇಲ್ಲಿಯೂ ಸಾವಿರಾರು. ಆದರೆ ಡಾಕ್ಟರಾಗಲಿದ್ದ ಮಗಳನ್ನು, ಬಾರಿನಲ್ಲಿ ಕುಣಿಯುವ ಹುಡುಗಿಯ ಪಾತ್ರಕ್ಕಾಗಿ ಕಳುಹಿಸಲು ಯಾವ ತಂದೆತಾಯಿಗೂ ಎರಡು ಸಲ ಯೋಚಿಸಬೇಕಾಗುತ್ತದೆ.

ಲಂಡನ್

1989ರ ಸೆಪ್ಟೆಂಬರ್ 20ರಂದು ಲಂಡನಿನ ಡ್ರೂರಿ ಲೇನ್ ಥಿಯೇಟರ್ ರಾಯಲ್‌ನಲ್ಲಿ ‘ಮಿಸ್ ಸೈಗಾನ್’ ಉದ್ಘಾಟನೆಗೊಂಡಿತು. ನಿರ್ದೇಶಕರು ನಿಕೊಲಾಸ್ ಹೈಟ್ನರ್. ಕ್ರಿಸ್ ಪಾತ್ರದಲ್ಲಿ ಸೈಮನ್ ಬೋಮನ್, ‘ಎಂಜಿನಿಯರ್’ ಎಂಬ ಕುತಂತ್ರಿ ದಲ್ಲಾಳಿಯಾಗಿ ಜೊನಾಥನ್ ಪ್ರೈಸ್. ರಂಗದ ಮೇಲೆ ಹೆಲಿಕಾಪ್ಟರ್ ಇಳಿದು ಏರುವ ದೃಶ್ಯದ ಬಗ್ಗೆ ಪತ್ರಿಕೆಗಳಲ್ಲಿ ಬಹಳ ಬರೆದರು. ಆದರೆ ನಾಟಕವನ್ನು ಹಿಡಿದು ನಿಲ್ಲಿಸಿದ್ದು ಹದಿನೆಂಟರ ಈ ಹುಡುಗಿಯ ಸರಳತೆ. 1990ರಲ್ಲಿ ಲಂಡನ್ ರಂಗಭೂಮಿಯ ಅತ್ಯುನ್ನತ ಗೌರವವಾದ ಒಲಿವಿಯೆ ಪ್ರಶಸ್ತಿ ಅವರಿಗೆ ಲಭಿಸಿತು.

ನ್ಯೂಯಾರ್ಕಿನ ತಕರಾರು

ನಾಟಕವನ್ನು ಬ್ರಾಡ್‌ವೇಗೆ ಕೊಂಡೊಯ್ಯುವ ಸಿದ್ಧತೆ ನಡೆದಾಗ ಗಲಾಟೆ ಎದ್ದಿತು. ಅಮೆರಿಕದಲ್ಲಿ ‘ಆಕ್ಟರ್ಸ್ ಈಕ್ವಿಟಿ’ ಎಂಬುದು ರಂಗ ಕಲಾವಿದರ ಕಾರ್ಮಿಕ ಸಂಘ. ಹೊರದೇಶದ ನಟರು ಬ್ರಾಡ್‌ವೇಯಲ್ಲಿ ದುಡಿಯಬೇಕಾದರೆ ಅದರ ಒಪ್ಪಿಗೆ ಬೇಕು.

ಮೊದಲ ಜಗಳ ಜೊನಾಥನ್ ಪ್ರೈಸ್ ಬಗ್ಗೆ. ಎಂಜಿನಿಯರ್ ಅರ್ಧ ವಿಯೆಟ್ನಾಮಿ, ಅರ್ಧ ಫ್ರೆಂಚ್. ಪ್ರೈಸ್ ವೇಲ್ಸ್ ನಾಡಿನ ಬಿಳಿಯರು. ಲಂಡನಿನಲ್ಲಿ ಅವರು ಆರಂಭದಲ್ಲಿ ಕಣ್ಣಿನ ಆಕಾರ ಬದಲಿಸುವ ಕೃತಕ ಪಟ್ಟಿ ಮತ್ತು ಬಣ್ಣ ಬಳಸಿ ಅಭಿನಯಿಸಿದ್ದರು. ನಟ ಬಿ.ಡಿ. ವಾಂಗ್, ನಾಟಕಕಾರ ಡೇವಿಡ್ ಹೆನ್ರಿ ಹ್ವಾಂಗ್ ಮುಂತಾದ ಏಷ್ಯನ್ ಅಮೆರಿಕನ್ ಕಲಾವಿದರು ಪ್ರತಿಭಟಿಸಿದರು. ಬಿಳಿಯರು ಮುಖಕ್ಕೆ ಬಣ್ಣ ಬಳಿದುಕೊಂಡು ಏಷ್ಯಾದವರ ಪಾತ್ರ ಮಾಡುವುದು ಇನ್ನಾದರೂ ನಿಲ್ಲಬೇಕು ಎಂಬುದು ಅವರ ವಾದ. 1990ರ ಆಗಸ್ಟ್ ತಿಂಗಳಲ್ಲಿ ಈಕ್ವಿಟಿ ಪ್ರೈಸ್ ಅವರಿಗೆ ಅನುಮತಿ ನಿರಾಕರಿಸಿತು. ಮ್ಯಾಕಿಂಟಾಷ್ ಪ್ರದರ್ಶನವನ್ನೇ ರದ್ದುಮಾಡಿದರು. ಮುಂಗಡವಾಗಿ ಕೋಟ್ಯಂತರ ಡಾಲರುಗಳ ಟಿಕೆಟ್ ಮಾರಾಟವಾಗಿತ್ತು, ನೂರಾರು ಜನರ ಕೆಲಸ ಅದನ್ನು ಅವಲಂಬಿಸಿತ್ತು. ಕೆಲವೇ ದಿನಗಳಲ್ಲಿ ಸಂಘವು ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು.

ಎರಡನೆಯ ಜಗಳ ಲಿಯಾ ಬಗ್ಗೆ. ಕಿಮ್ ಪಾತ್ರವನ್ನು ಏಷ್ಯನ್ ಮೂಲದ ಅಮೆರಿಕನ್ ನಟಿಯೊಬ್ಬರಿಗೆ ಕೊಡಬೇಕು, ಹೊರದೇಶದವರಿಗೆ ಅಲ್ಲ ಎಂದು ಸಂಘವು ಆಕ್ಷೇಪಿಸಿತು. ವ್ಯಾಜ್ಯ ಮಧ್ಯಸ್ಥಗಾರರ ಮುಂದೆ ಹೋಯಿತು. 1991ರ ಜನವರಿಯಲ್ಲಿ ತೀರ್ಪು ನಿರ್ಮಾಪಕರ ಪರವಾಗಿ ಬಂತು, ಲಿಯಾ ನ್ಯೂಯಾರ್ಕಿಗೆ ಬಂದರು.

ವೇಲ್ಸಿನ ಬಿಳಿಯ ನಟನಿಗೆ ವಿಯೆಟ್ನಾಮಿ ಪಾತ್ರ ಮಾಡಲು ಒಪ್ಪಿಗೆ ನೀಡಿದ ಸಂಘವು, ಏಷ್ಯಾದ ಹುಡುಗಿ ಏಷ್ಯಾದ ಪಾತ್ರ ಮಾಡಲು ತಕರಾರು ಮಾಡಿತು ಎಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ಚೀನೀ, ಜಪಾನಿ, ಫಿಲಿಪ್ಪೀನ್ಸ್ ಮೂಲದ ನಟಿಯರಿಗೆ ವರ್ಷಗಟ್ಟಲೆ ಒಂದು ಒಳ್ಳೆಯ ಪಾತ್ರವೂ ಸಿಗುತ್ತಿರಲಿಲ್ಲ. ಅಪರೂಪಕ್ಕೆ ಬಂದ ಒಂದೂ ಕೈತಪ್ಪಿದಾಗ ಅವರಿಗಾದ ನೋವು ಸುಳ್ಳಲ್ಲ. ಪಾತ್ರಗಳೇ ಇಲ್ಲದಿರುವುದು ನಿಜವಾದ ರೋಗ. ಇರುವ ಒಂದು ಪಾತ್ರಕ್ಕಾಗಿ ಏಷ್ಯಾದವರೇ ಪರಸ್ಪರ ಎದುರಾದದ್ದು ಅದರ ಲಕ್ಷಣ. ನಾಟಕದ ಮೇಲೆ ಬೇರೆ ಟೀಕೆಗಳೂ ಇದ್ದವು. ಏಷ್ಯಾದ ಹೆಣ್ಣೆಂದರೆ ಬಾರಿನ ಹುಡುಗಿ ಇಲ್ಲವೇ ಬಿಳಿಯ ಗಂಡಿಗಾಗಿ ಸಾಯುವವಳು ಎಂದು ತೋರಿಸಲಾಗಿದೆ ಎಂಬ ದೂರು ಅಂದೂ ಕೇಳಿಬಂತು, ನಂತರದ ಪ್ರದರ್ಶನಗಳಲ್ಲಿಯೂ ಕೇಳಿಬಂತು. ಆ ದೂರಿನಲ್ಲಿ ಹುರುಳಿದೆ. ಕಿಮ್ ಎಂಬ ಹುಡುಗಿಗೆ ಘನತೆ ಬಂದದ್ದು ಬರಹಕ್ಕಿಂತ ಹೆಚ್ಚಾಗಿ ಹಾಡಿದವರ ಕಂಠದಿಂದ ಎಂದು ಈ ಲೇಖಕನ ಅನಿಸಿಕೆ.

1991ರ ಏಪ್ರಿಲ್ 11ರಂದು ಬ್ರಾಡ್‌ವೇ ಥಿಯೇಟರ್ ಎಂಬ ಹೆಸರಿನ ರಂಗಮಂದಿರದಲ್ಲಿ ನಾಟಕ ಆರಂಭವಾಯಿತು. ಜೂನ್ ತಿಂಗಳಲ್ಲಿ ಟೋನಿ ಪ್ರಶಸ್ತಿಗಳು ಪ್ರಕಟಗೊಂಡಾಗ ಅತ್ಯುತ್ತಮ ಮ್ಯೂಸಿಕಲ್ ಗೌರವ ಬೇರೆ ನಾಟಕಕ್ಕೆ ಹೋಯಿತು. ಆದರೆ ಲಿಯಾ ಸಲೊಂಗಾ, ಜೊನಾಥನ್ ಪ್ರೈಸ್ ಮತ್ತು ಹಿಂಟನ್ ಬ್ಯಾಟಲ್ ಮೂವರೂ ಅಭಿನಯಕ್ಕಾಗಿ ಟೋನಿ ಪಡೆದರು. ತಕರಾರಿಗೊಳಗಾಗಿದ್ದ ಇಬ್ಬರಿಗೂ ಪ್ರಶಸ್ತಿ ಬಂತು ಎಂಬುದು ಗಮನಾರ್ಹ. ನ್ಯೂಯಾರ್ಕಿನಲ್ಲಿ ನಾಟಕ 4,092 ಪ್ರದರ್ಶನಗಳನ್ನು ಕಂಡು 2001ರ ಜನವರಿ 28ರಂದು ಮುಕ್ತಾಯಗೊಂಡಿತು. ಆ ಕೊನೆಯ ಪ್ರದರ್ಶನದಲ್ಲಿಯೂ ಕಿಮ್ ಆಗಿ ರಂಗದಲ್ಲಿದ್ದವರು ಲಿಯಾ ಅವರೇ. ಅದಕ್ಕೂ ಮುನ್ನ 2000ದಲ್ಲಿ ಮನಿಲಾದಲ್ಲಿ ತಮ್ಮ ಜನರ ಮುಂದೆಯೂ ಅವರು ಈ ಪಾತ್ರ ಮಾಡಿದ್ದರು.

ಜಾಸ್ಮಿನ್, ಎಪೊನಿನ್, ಫಾಂಟೀನ್

‘ಅಲ್ಲಾದೀನ್’ ಚಿತ್ರದ ‘ಎ ಹೋಲ್ ನ್ಯೂ ವರ್ಲ್ಡ್’ ಹಾಡನ್ನು ಲಿಯಾ ಅವರು ಬ್ರ್ಯಾಡ್ ಕೇನ್ ಜೊತೆ ಹಾಡಿದರು. ಸಂಗೀತ ಆಲನ್ ಮೆಂಕೆನ್, ಸಾಹಿತ್ಯ ಟಿಮ್ ರೈಸ್. ಹಾಡಿಗೆ ಆಸ್ಕರ್ ಬಂತು. 1993ರ ಮಾರ್ಚ್‌ನಲ್ಲಿ ಆಸ್ಕರ್ ವೇದಿಕೆಯ ಮೇಲೆಯೇ ಇಬ್ಬರೂ ಅದನ್ನು ಹಾಡಿದರು. ಚಿತ್ರದಲ್ಲಿ ಜಾಸ್ಮಿನ್ ಮಾತನಾಡುವ ದನಿ ಬೇರೆ ನಟಿಯದು; ಮುಲಾನ್ ಪಾತ್ರದಲ್ಲಿಯೂ ಹಾಗೆಯೇ. ಡಿಸ್ನಿ ಸಂಸ್ಥೆ 2011ರಲ್ಲಿ ಲಿಯಾ ಅವರನ್ನು ‘ಡಿಸ್ನಿ ಲೆಜೆಂಡ್’ ಎಂದು ಗೌರವಿಸಿತು.

ರಂಗಭೂಮಿಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಸಂಗತಿ ಅದೇ 1993ರಲ್ಲಿ ನಡೆಯಿತು. ಮ್ಯಾಕಿಂಟಾಷ್ ನಿರ್ಮಾಣದ ‘ಲೆ ಮಿಸೆರಾಬ್ಲ್’ನ ಬ್ರಾಡ್‌ವೇ ಪ್ರದರ್ಶನದಲ್ಲಿ ಅವರಿಗೆ ಎಪೊನಿನ್ ಪಾತ್ರ ದೊರೆಯಿತು. ವಿಕ್ಟರ್ ಹ್ಯೂಗೊ ಕಾದಂಬರಿಯ ಎಪೊನಿನ್ ಫ್ರಾನ್ಸಿನ ಹೋಟೆಲು ನಡೆಸುವವನ ಮಗಳು. ತನ್ನನ್ನು ಪ್ರೀತಿಸದವನಿಗಾಗಿ 1832ರ ಪ್ಯಾರಿಸ್ ದಂಗೆಯಲ್ಲಿ ಗುಂಡೇಟು ತಿನ್ನುವವಳು. ಬ್ರಾಡ್‌ವೇಯಲ್ಲಿ ಈ ಪಾತ್ರ ಮಾಡಿದ ಮೊದಲ ಏಷ್ಯನ್ ನಟಿ ಲಿಯಾ. ಮನಿಲಾದ ಆಯ್ಕೆ ಪರೀಕ್ಷೆಯಲ್ಲಿ ಅವರು ಹಾಡಿದ್ದ ‘ಆನ್ ಮೈ ಓನ್’ ಇದೇ ಎಪೊನಿನ್ ಹಾಡು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಳ್ಳದೆ, ತಾನು ಇದ್ದಂತೆಯೇ ನಿಂತು ಅವರು ಅದನ್ನು ಹಾಡಿದರು. ಎರಡು ನಿಮಿಷದಲ್ಲಿ ಪ್ರೇಕ್ಷಕರು ಆಕೆಯ ದೇಶವನ್ನು ಮರೆತು ಹುಡುಗಿಯ ಒಂಟಿತನವನ್ನಷ್ಟೇ ಕೇಳುತ್ತಾರೆ.

1995ರ ಅಕ್ಟೋಬರ್ 8ರಂದು ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಾಟಕದ ಹತ್ತನೆಯ ವರ್ಷದ ಸಂಗೀತೋತ್ಸವ ನಡೆಯಿತು. ಜಗತ್ತಿನ ಬೇರೆ ಬೇರೆ ಪ್ರದರ್ಶನಗಳಿಂದ ಆಯ್ದ ಕಲಾವಿದರ ತಂಡದಲ್ಲಿ ಎಪೊನಿನ್ ಇವರೇ. ಆ ವಿಡಿಯೊ ಇಂದಿಗೂ ಜನಪ್ರಿಯ. 2007ರಲ್ಲಿ ಬ್ರಾಡ್‌ವೇ ಮರುಪ್ರದರ್ಶನದಲ್ಲಿ ಫಾಂಟೀನ್ ಪಾತ್ರ. ಮಗಳನ್ನು ಸಾಕಲು ಕೂದಲು, ಮಾನ, ಕೊನೆಗೆ ಜೀವವನ್ನೇ ಕಳೆದುಕೊಳ್ಳುವ ತಾಯಿ ಅವಳು. 2010ರ ಅಕ್ಟೋಬರ್ 3ರಂದು ಲಂಡನಿನ ಓ2 ಸಭಾಂಗಣದಲ್ಲಿ ನಡೆದ 25ನೆಯ ವರ್ಷದ ಉತ್ಸವದಲ್ಲಿಯೂ ಅದೇ ಪಾತ್ರ. ಮಗಳ ವಯಸ್ಸಿನ ಪಾತ್ರದಿಂದ ತಾಯಿಯ ಪಾತ್ರಕ್ಕೆ ಒಂದೇ ನಾಟಕದೊಳಗೆ ಬೆಳೆಯುವ ಅವಕಾಶ ಹೆಚ್ಚಿನ ನಟಿಯರಿಗೆ ಸಿಗುವುದಿಲ್ಲ.

ಈ ನಡುವೆ ಸ್ವದೇಶದ ಚಲನಚಿತ್ರಗಳಲ್ಲೂ ಅಭಿನಯಿಸಿದರು. ಅವುಗಳಲ್ಲಿ ‘ಸನಾ ಮೌಲಿತ್ ಮುಲಿ’ (1995) ಮುಖ್ಯ. ಪ್ರೇಯಸಿ ಅಮೆರಿಕಕ್ಕೆ ಹೋಗುತ್ತಾಳೆ, ಪ್ರಿಯಕರ ಮನಿಲಾದಲ್ಲಿ ಉಳಿಯುತ್ತಾನೆ. ದೂರವು ಇಬ್ಬರನ್ನೂ ಬದಲಿಸುತ್ತದೆ. ಗಲ್ಫಿಗೆ ಹೋದವರ ಮನೆಗಳಲ್ಲಿ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಷ್ಯಾದವರ ಕತೆಗಳು

‘ಮಿಸ್ ಸೈಗಾನ್’ ವಿರುದ್ಧ ದನಿಯೆತ್ತಿದವರಲ್ಲಿ ಒಬ್ಬರಾದ ಡೇವಿಡ್ ಹೆನ್ರಿ ಹ್ವಾಂಗ್ ಅವರ ನಾಟಕದಲ್ಲಿಯೇ ಲಿಯಾ ಮುಂದೆ ನಾಯಕಿಯಾದರು. ರಾಜರ್ಸ್ ಮತ್ತು ಹ್ಯಾಮರ್‌ಸ್ಟೀನ್ ಅವರ 1958ರ ‘ಫ್ಲವರ್ ಡ್ರಮ್ ಸಾಂಗ್’ ಸ್ಯಾನ್ ಫ್ರಾನ್ಸಿಸ್ಕೊ ಚೀನೀ ಕೇರಿಯ ಕತೆ. ಹಳತಾಗಿದ್ದ ಅದರ ಮಾತುಗಳನ್ನು ಹ್ವಾಂಗ್ ಹೊಸದಾಗಿ ಬರೆದರು. 2001ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, 2002ರಲ್ಲಿ ಬ್ರಾಡ್‌ವೇಯಲ್ಲಿ ಅದು ಪ್ರದರ್ಶನಗೊಂಡಿತು. ಬ್ರಾಡ್‌ವೇಯಲ್ಲಿ ಹೆಚ್ಚು ಕಾಲ ಓಡಲಿಲ್ಲ.

2012ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆರಂಭವಾಗಿ 2015ರ ನವೆಂಬರ್‌ನಲ್ಲಿ ಬ್ರಾಡ್‌ವೇ ತಲುಪಿದ ‘ಅಲೀಜಿಯೆನ್ಸ್’ ಇದಕ್ಕಿಂತ ಗಂಭೀರವಾದ ನಾಟಕ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸರಕಾರವು ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇರಿಸಿತ್ತು. ಬಾಲ್ಯದಲ್ಲಿ ಸ್ವತಃ ಅಂಥ ಶಿಬಿರದಲ್ಲಿದ್ದ ನಟ ಜಾರ್ಜ್ ಟಕೇ ಈ ನಾಟಕಕ್ಕೆ ಪ್ರೇರಣೆ. ಲಿಯಾ ಅವರದು ಕೇ ಎಂಬ ಅಕ್ಕನ ಪಾತ್ರ. ಇದೂ ಕೆಲವೇ ತಿಂಗಳಲ್ಲಿ, 2016ರ ಫೆಬ್ರವರಿಯಲ್ಲಿ ನಿಂತಿತು. 2017ರಲ್ಲಿ ‘ವನ್ಸ್ ಆನ್ ದಿಸ್ ಐಲೆಂಡ್’ ಮರುಪ್ರದರ್ಶನದಲ್ಲಿ ಪ್ರೇಮದೇವತೆ ಎರ್ಜುಲಿಯಾಗಿ ಹಾಡಿದರು. ಅದಕ್ಕೆ 2018ರಲ್ಲಿ ಅತ್ಯುತ್ತಮ ಮರುಪ್ರದರ್ಶನದ ಟೋನಿ ಬಂತು.

2023ರ ಜುಲೈ 20ರಂದು ‘ಹಿಯರ್ ಲೈಸ್ ಲವ್’ ಬ್ರಾಡ್‌ವೇಯಲ್ಲಿ ಉದ್ಘಾಟನೆಗೊಂಡಿತು. ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೊಸ್ ಅವರ ಪತ್ನಿ ಇಮೆಲ್ಡಾ ಅವರ ಏಳುಬೀಳಿನ ಕತೆ; ಸಂಗೀತ ಡೇವಿಡ್ ಬರ್ನ್ ಮತ್ತು ಫ್ಯಾಟ್‌ಬಾಯ್ ಸ್ಲಿಮ್ ಅವರದು. ಕಲಾವಿದರೆಲ್ಲರೂ ಫಿಲಿಪ್ಪೀನ್ಸ್ ಮೂಲದವರೇ ಆಗಿದ್ದ ಮೊದಲ ಬ್ರಾಡ್‌ವೇ ನಾಟಕ ಇದು. ಲಿಯಾ ಅವರು ನಿರ್ಮಾಪಕರಲ್ಲಿ ಒಬ್ಬರು. ಆರಂಭದ ಕೆಲವು ವಾರ ಅತಿಥಿ ನಟಿಯಾಗಿ ಅರೋರಾ ಅಕಿನೊ ಪಾತ್ರವನ್ನೂ ಮಾಡಿದರು. ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ 1983ರ ಆಗಸ್ಟ್ 21ರಂದು ಮನಿಲಾ ವಿಮಾನ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದರು. ಅರೋರಾ ಅವರ ತಾಯಿ. ಮಗನ ಶವದ ಮುಂದೆ ಆ ತಾಯಿ ಹಾಡುತ್ತಾಳೆ. ಆ ಹತ್ಯೆಯಾದಾಗ ಲಿಯಾ ಅವರಿಗೆ ಹನ್ನೆರಡು ವರ್ಷ. 1986ರಲ್ಲಿ ಕಾರ್ಡಿನಲ್ ಜೈಮೆ ಸಿನ್ ಅವರು ರೇಡಿಯೊ ವೆರಿತಾಸ್ ಮೂಲಕ ನೀಡಿದ ಕರೆಗೆ ಓಗೊಟ್ಟು ಜನರು ಎಡ್ಸಾ ಹೆದ್ದಾರಿಗೆ ಇಳಿದು ಮಾರ್ಕೊಸ್ ಆಡಳಿತ ಕೊನೆಗೊಂಡಾಗ ಹದಿನೈದು. ಈ ನಾಟಕ ನಡೆದದ್ದು ಬ್ರಾಡ್‌ವೇ ಥಿಯೇಟರಿನಲ್ಲಿ, ಅಂದರೆ 1991ರಲ್ಲಿ ಅವರು ಕಿಮ್ ಆಗಿ ನಿಂತಿದ್ದ ರಂಗಮಂದಿರದಲ್ಲಿಯೇ. ಅಂದು ಅವರು ಅಲ್ಲಿ ಹಾಡಬಹುದೇ ಎಂಬುದನ್ನು ಮಧ್ಯಸ್ಥಗಾರರು ತೀರ್ಮಾನಿಸಬೇಕಾಗಿತ್ತು. 32 ವರ್ಷಗಳ ನಂತರ ಅದೇ ಮಂದಿರದಲ್ಲಿ ಯಾರು ಹಾಡಬೇಕು ಎಂದು ತೀರ್ಮಾನಿಸುವವರಲ್ಲಿ ಅವರೂ ಒಬ್ಬರು. ಹಣದ ದೃಷ್ಟಿಯಿಂದ ಗೆಲ್ಲದ ನಾಟಕ ಆ ನವೆಂಬರ್ 26ರಂದು ಮುಚ್ಚಿತು.

ಕುಟುಂಬ ಮತ್ತು ಇತ್ತೀಚಿನ ವರ್ಷಗಳು

2004ರ ಜನವರಿ 10ರಂದು ಲಾಸ್ ಏಂಜಲೀಸ್ ಮಹಾಧರ್ಮಪ್ರಾಂತ್ಯದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಪ್ರಧಾನಾಲಯದಲ್ಲಿ ರಾಬರ್ಟ್ ಚಿಯೆನ್ ಅವರೊಂದಿಗೆ ಲಿಯಾ ಅವರ ವಿವಾಹ ಜರುಗಿತು. 2006ರಲ್ಲಿ ಮಗುವಿನ ಜನನ. 2005ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಸಂಗೀತ ಕಾರ್ಯಕ್ರಮ ನೀಡಿದರು. 2010ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಅವರನ್ನು ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು. 2013ರಿಂದ ‘ದ ವಾಯ್ಸ್ ಆಫ್ ದ ಫಿಲಿಪ್ಪೀನ್ಸ್’ ಟಿ.ವಿ. ಸ್ಪರ್ಧೆಯಲ್ಲಿ ತರಬೇತುದಾರರಾಗಿ ಯುವ ಗಾಯಕರನ್ನು ತಿದ್ದಿದರು. ಹೊರಗೆ ಎಷ್ಟೇ ಹೆಸರು ಬಂದರೂ ಮನಿಲಾದ ರಂಗವನ್ನು ಬಿಟ್ಟವರಲ್ಲ. ‘ಫನ್ ಹೋಮ್’ (2016), ‘ಸ್ವೀನಿ ಟಾಡ್’ (2019) ನಾಟಕಗಳನ್ನು ಅಲ್ಲಿಯೂ ಆಡಿದರು.

ಸಂಗೀತಗಾರ ಸ್ಟೀಫನ್ ಸಾಂಡ್‌ಹೈಮ್ ಅವರ ನೆನಪಿಗೆ ಮ್ಯಾಕಿಂಟಾಷ್ ರೂಪಿಸಿದ ‘ಓಲ್ಡ್ ಫ್ರೆಂಡ್ಸ್’ ಕಾರ್ಯಕ್ರಮದಲ್ಲಿ ಬರ್ನಡೆಟ್ ಪೀಟರ್ಸ್ ಜೊತೆ 2023ರಲ್ಲಿ ಲಂಡನಿನಲ್ಲೂ 2025ರಲ್ಲಿ ಬ್ರಾಡ್‌ವೇಯಲ್ಲೂ ಹಾಡಿದರು. ಅದೇ ವರ್ಷ ಬಂದ ‘ಕೆ-ಪಾಪ್ ಡೀಮನ್ ಹಂಟರ್ಸ್’ ಕಾರ್ಟೂನ್ ಚಿತ್ರದಲ್ಲಿ ಸೆಲೀನ್ ಪಾತ್ರದ ಹಾಡಿನ ದನಿ ಇವರದು. ಜಾಸ್ಮಿನ್ ಹಾಡು ಕೇಳಿ ಬೆಳೆದವರ ಮಕ್ಕಳು ಈಗ ಅದನ್ನು ಕೇಳುತ್ತಿದ್ದಾರೆ. 2025ರ ಜುಲೈಯಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ 2026ರ ಸಾಲಿಗೆ ನಕ್ಷತ್ರ ಗೌರವ ಪಡೆಯಲಿರುವವರ ಪಟ್ಟಿಯಲ್ಲಿ ಅವರ ಹೆಸರು ಪ್ರಕಟವಾಯಿತು. ಅದೇ ಆಗಸ್ಟ್‌ನಲ್ಲಿ ಅವರು ಮನಿಲಾದಲ್ಲಿದ್ದರು, ‘ಇನ್‌ಟು ದ ವುಡ್ಸ್’ ನಾಟಕದ ಮಾಟಗಾತಿಯಾಗಿ.